ಅಜ್ಜಿಯ ಆರಿದ್ರಾ, ನಮ್ಮ ಬೀಟಲ್‌ಜ್ಯೂಸ್

ಈ ಸೆಮಿಸ್ಟರ್ ನಾವು ತಗೊಂಡ ಓಪನ್ ಎಲೆಕ್ಟಿವ್ ಖಗೋಳ ವಿಜ್ಞಾನ. "ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ?" ಅಂತ ಕೇಳಿದವರೇ ಜಾಸ್ತಿ. ನಮಗೆ ಸಿಕ್ಕಿದ್ದು ಬೇರೆ ಥರದ ಉಪಯೋಗ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಓರಿಯನ್, ಬೀಟಲ್‌ಜ್ಯೂಸ್ ಗೊತ್ತು. ಊರಲ್ಲಿ ಅಜ್ಜಿ ಹೇಳೋ ಮೃಗಶಿರಾ ಮಳೆ, ಆರಿದ್ರಾ ಮಳೆಯೂ ಗೊತ್ತು. ಎರಡೂ ಆಕಾಶದ ಒಂದೇ ಭಾಗದ ಹೆಸರು ಅಂತ ನಮ್ಮ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಆರಿದ್ರಾ ಅಂದ್ರೆ ಬೀಟಲ್‌ಜ್ಯೂಸೇ! ಜೂನ್ ಕೊನೆಗೆ ಸೂರ್ಯ ಆ ದಿಕ್ಕಿಗೆ ಬರ್ತಾನೆ, ಆಗ ಬೀಳೋದು ಆರಿದ್ರಾ ಮಳೆ. ಸೂರ್ಯ ಅಲ್ಲೇ ಇರೋದ್ರಿಂದ ಆ ದಿನಗಳಲ್ಲಿ ನಕ್ಷತ್ರ ಕಾಣಲ್ಲ. ನೋಡಬೇಕಂದ್ರೆ ಜನವರಿ ರಾತ್ರಿ ಹಾಸ್ಟೆಲ್ ಟೆರೇಸ್ ಹತ್ತಬೇಕು. ಅಲ್ಲೇ ಹತ್ತಿರ ಕೆಂಪಗೆ ಕಾಣೋದು ರೋಹಿಣಿ, ಅಂದ್ರೆ ಆಲ್ಡೆಬರಾನ್. ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 65 ವರ್ಷ ಆಗಿರುತ್ತೆ. ಆಗ ಅಜ್ಜಿ ಇನ್ನೂ ಪುಟ್ಟ ಹುಡುಗಿ.

ನಕ್ಷತ್ರ ಮಳೆ ತರಿಸಲ್ಲ, ನಿಜ. ಅದನ್ನ ತರೋದು ಮುಂಗಾರು. ಆದರೆ ರೈತರ ಮಳೆ ಲೆಕ್ಕ ಸೂರ್ಯನ ದಾರಿ ನೋಡಿ ಮಾಡಿದ ಒಳ್ಳೆ ಕ್ಯಾಲೆಂಡರ್. ಅದಕ್ಕೇ ಸಿಲಬಸ್‌ನಲ್ಲಿ ಈ ಹೆಸರುಗಳೂ ಇರಬೇಕು ಅಂತೀವಿ. ಇದ್ದರೆ, ಕ್ಲಾಸಲ್ಲಿ ಕಲಿತದ್ದನ್ನ ಮನೆಯಲ್ಲೂ ಮಾತಾಡಬಹುದು.