ಅಚ್ಚು ಯಾರ ಕೈಯಲ್ಲಿರಬೇಕು?

ಅಥಣಿಯ ಚಪ್ಪಲಿಯ ಮೇಲೆ ಒತ್ತಿದ ಹೆಸರು ಅನೇಕ ವೇಳೆ ಅಂಗಡಿಯದು, ಹೊಲಿದವನದಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆಯಿತು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಊರಿಗೆ ಹೆಸರು ಬಂತು, ದುಡಿದ ಕೈಗೆ ಬರಲಿಲ್ಲ.

ಅಚ್ಚು ಮಾಡುವುದೇನು ಬ್ರಹ್ಮವಿದ್ಯೆಯಲ್ಲ. ಸತುವಿನ ತಗಡಿನ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆದು, ಉಳಿಯಬೇಕಾದ ಭಾಗಕ್ಕೆ ವಾರ್ನಿಷ್ ಬಳಿದು, ಮಿಕ್ಕದ್ದನ್ನು ಆಮ್ಲಕ್ಕೆ ತಿನ್ನಿಸಬೇಕು. ಹಿಂದೆ ಛಾಪಖಾನೆಯ ಬ್ಲಾಕುಗಳು ಹೀಗೆಯೇ ಆಗುತ್ತಿದ್ದವು. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲನ್ನು ತುಸು ಒದ್ದೆ ಮಾಡಿ, ಪುಸ್ತಕಕ್ಕೆ ರಟ್ಟು ಕಟ್ಟುವವರ ತಿರುಪಿನ ಪ್ರೆಸ್ಸಿನಲ್ಲಿ ಬಿಗಿದರೆ ಸಾಕು, ಒಣಗಿದ ಮೇಲೂ ಗುರುತು ನಿಲ್ಲುತ್ತದೆ. ನೀರು ಹೆಚ್ಚಾದರೆ ಗೆರೆ ಮಸುಕು. ಕ್ರೋಮ್ ತೊಗಲಾದರೋ ಅಷ್ಟು ಸುಲಭವಾಗಿ ಮಣಿಯದು. ಒತ್ತಿದ್ದು ಮತ್ತೆ ಎದ್ದುಬಿಡುತ್ತದೆ.

ಒಂದು ತಗಡು, ಒಂದು ಪ್ರೆಸ್ಸು. ಇಷ್ಟನ್ನು ಹೊಲಿಯುವವರ ಸಹಕಾರ ಸಂಘವೇ ಇಟ್ಟುಕೊಳ್ಳತಕ್ಕದ್ದು ಎಂದು ನಾವು ಹೇಳುತ್ತೇವೆ. ಅಂಗಡಿಯ ಹೆಸರಿನ ಪಕ್ಕದಲ್ಲೇ ಸಂಘದ ಅಚ್ಚೂ ಬೀಳಲಿ. ಅಚ್ಚು ಸಾಹುಕಾರನ ಪೆಟ್ಟಿಗೆಯಲ್ಲಿರುವ ತನಕ ಕೂಲಿಯ ಮಾತನ್ನು ಅವನೇ ಆಡುತ್ತಾನೆ. ಸಣ್ಣ ವ್ಯಾಪಾರಿ ಬಂಧುಗಳು ಇದಕ್ಕೆ ಅಂಜಬೇಕಾಗಿಲ್ಲ. ನಕಲಿ ಮಾಲು ಬಂದಾಗ ಗಿರಾಕಿಯ ಬೈಗುಳ ಕೇಳುವವರು ಅವರೇ ತಾನೇ?