ಊಟ ಬಂದ ದಾರಿ, ಉಣ್ಣುವವನು ಬಂದ ದಾರಿ

ಈಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಹೊಸ ಬಗೆಯ ಭೋಜನಾಲಯಗಳು ಕಾಣಿಸಿಕೊಂಡಿವೆ. ಅಲ್ಲಿ ಗದ್ದಲವಿಲ್ಲ, ಅವಸರವಿಲ್ಲ. ಮರದ ಬೆಂಚು, ಮಣ್ಣಿನ ಕುಡಿಕೆ, ಬಾಳೆಯೆಲೆ. ಸುತ್ತಲಿನ ಹೊಲಗಳಿಂದಲೇ ತಂದ ಆಹಾರವನ್ನು ಬಡಿಸುತ್ತೇವೆ, ಆದುದರಿಂದ ಇದು ಭೂಮಿಗೆ ಹೊರೆಯಾಗದ ಊಟ ಎಂಬರ್ಥದ ಫಲಕವೊಂದು ಬಾಗಿಲಲ್ಲಿ ತೂಗುತ್ತಿರುತ್ತದೆ. ಇದನ್ನು ಹಾಸ್ಯ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ನಾವು ಉಣ್ಣುವುದು ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸವೇ ಕ್ಷೀಣಿಸುತ್ತಿರುವ ಕಾಲದಲ್ಲಿ, ಆ ಪ್ರಶ್ನೆಯನ್ನು ಬಾಗಿಲಲ್ಲಿಯೇ ತೂಗುಹಾಕಿದವರು ಗೌರವಕ್ಕೆ ಅರ್ಹರು. ಆದರೂ ವಿಜ್ಞಾನವನ್ನು ಓದುವ ನಮಗೆ ಫಲಕವೊಂದೇ ಸಾಲದು. ಲೆಕ್ಕವೂ ಬೇಕು.

ಹತ್ತಿರದಿಂದ ಬಂದುದೆಲ್ಲ ಹಗುರ, ದೂರದಿಂದ ಬಂದುದೆಲ್ಲ ಭಾರ ಎಂಬುದು ಆ ಫಲಕದ ಹಿಂದಿರುವ ನಂಬಿಕೆ. ಇದನ್ನು ಒರೆಗೆ ಹಚ್ಚಿ ನೋಡೋಣ. ಸಿಂಧನೂರಿನ ಕಡೆಯಿಂದ ಬೆಂಗಳೂರಿಗೆ ಅಕ್ಕಿ ಬರುತ್ತದೆ. ದೂರ ಸುಮಾರು 400 ಕಿಲೋಮೀಟರು. 10 ಟನ್ ಅಕ್ಕಿ ಹೊತ್ತ ಲಾರಿಯು ಒಂದು ಲೀಟರು ಡೀಸೆಲಿಗೆ 4 ಕಿಲೋಮೀಟರು ಓಡುವುದೆಂದು ಇಟ್ಟುಕೊಂಡರೆ 100 ಲೀಟರು ಬೇಕು. ಲಾರಿ ಬರಿದಾಗಿಯೇ ಹಿಂದಿರುಗಿ ಮತ್ತೆ ಅಷ್ಟೇ ಇಂಧನ ಸುಟ್ಟಿತೆಂದು ಉದಾರವಾಗಿ ಸೇರಿಸಿದರೆ 200 ಲೀಟರು. ಒಂದು ಲೀಟರು ಡೀಸೆಲಿನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿಯಿದೆ. ಒಟ್ಟು 7,200 ಮೆಗಾಜೌಲನ್ನು 10,000 ಕಿಲೋಗ್ರಾಮಿಗೆ ಹಂಚಿದರೆ ಪ್ರತಿ ಕಿಲೋಗ್ರಾಂ ಅಕ್ಕಿಯ ಪಾಲಿಗೆ 0.72 ಮೆಗಾಜೌಲ್ ಬರುತ್ತದೆ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಮುಂದೆ ಇದೇ ನಮ್ಮ ಅಳತೆಗೋಲು.

ಈಗ ಅಡುಗೆಮನೆಗೆ ಹೋಗೋಣ. ಒಂದು ಕಿಲೋಗ್ರಾಂ ಅಕ್ಕಿಯನ್ನು ಮುಚ್ಚಳವಿಲ್ಲದ ಪಾತ್ರೆಯಲ್ಲಿ ಬೇಯಿಸುವಾಗ ಅರ್ಧ ಲೀಟರು ನೀರು ವೃಥಾ ಆವಿಯಾಗಿ ಹೋಯಿತೆನ್ನಿ. ನೀರಿನ ಗುಪ್ತೋಷ್ಣವು ಕಿಲೋಗ್ರಾಮಿಗೆ ಸುಮಾರು 2.26 ಮೆಗಾಜೌಲ್, ಅರ್ಧ ಲೀಟರಿಗೆ 1.13. ಒಲೆಯ ಉರಿಯಲ್ಲಿ ನೂರಕ್ಕೆ 60 ಪಾಲು ಮಾತ್ರ ಪಾತ್ರೆಗೆ ತಲಪುವುದಾದರೆ, ಈ ಆವಿಗಾಗಿ ಸುಮಾರು 1.9 ಮೆಗಾಜೌಲಿನ ಅನಿಲ ಉರಿಯಬೇಕು. ಒಂದು ಮುಚ್ಚಳದ ಅಭಾವದಿಂದ ಆದ ನಷ್ಟವು 400 ಕಿಲೋಮೀಟರಿನ ಲಾರಿ ಪ್ರಯಾಣದ ಎರಡೂವರೆ ಪಟ್ಟಿಗಿಂತಲೂ ಹೆಚ್ಚು!

ಇನ್ನು ಉಣ್ಣಲು ಬಂದವನ ಲೆಕ್ಕ. ಹತ್ತು ಕಿಲೋಮೀಟರು ದೂರದ ಮನೆಯಿಂದ ಒಬ್ಬನೇ ಕಾರಿನಲ್ಲಿ ಬಂದು ಹಿಂದಿರುಗಿದವನು, ಲೀಟರಿಗೆ 15 ಕಿಲೋಮೀಟರಿನಂತೆ, ಒಂದೂಕಾಲು ಲೀಟರಿಗಿಂತ ಹೆಚ್ಚು ಪೆಟ್ರೋಲನ್ನು ಸುಡುತ್ತಾನೆ. ಅದು ಸುಮಾರು 44 ಮೆಗಾಜೌಲ್. ನಮ್ಮ ಅಳತೆಗೋಲಿನಿಂದ ಅಳೆದರೆ, ಅಷ್ಟು ಶಕ್ತಿಯಲ್ಲಿ 60 ಕಿಲೋಗ್ರಾಂ ಅಕ್ಕಿ ಸಿಂಧನೂರಿನಿಂದ ಬೆಂಗಳೂರಿಗೆ ಬರಬಹುದು. ಒಂದು ಊಟಕ್ಕೆ 150 ಗ್ರಾಂ ಅಕ್ಕಿಯೆಂದರೆ, ಅದು ನಾನೂರು ಊಟಗಳ ಅಕ್ಕಿ. ಊಟ ಬಂದ ದಾರಿಯನ್ನು ಎಣಿಸುವವನು ತಾನು ಬಂದ ದಾರಿಯನ್ನು ಎಣಿಸಬೇಡವೆ?

ಇದು ಕೇವಲ ಕರಿಹಲಗೆಯ ಲೆಕ್ಕವಲ್ಲ. ಅಮೆರಿಕದ ಮನೆಗಳ ಆಹಾರವನ್ನು ಕುರಿತು ಕ್ರಿಸ್ಟೋಫರ್ ವೆಬರ್ ಮತ್ತು ಸ್ಕಾಟ್ ಮ್ಯಾಥ್ಯೂಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಎಲ್ಲ ಬಗೆಯ ಸಾಗಾಟದ ಪಾಲು ನೂರಕ್ಕೆ 11 ಮಾತ್ರ. ಬೆಳೆಸುವ, ತಯಾರಿಸುವ ಹಂತದ ಪಾಲು 83. ಸುಮಾರು 38,000 ಹೊಲಗಳ ವಿವರಗಳನ್ನು ಕಲೆಹಾಕಿ ಪೂರ್ ಮತ್ತು ನೆಮೆಚೆಕ್ 2018ರಲ್ಲಿ ಮಾಡಿದ ಜಾಗತಿಕ ಲೆಕ್ಕದಲ್ಲಿಯೂ ಸಾಗಾಟದ ಪಾಲು ಸಣ್ಣದೇ.

ಹಾಗಾದರೆ ದೂರವನ್ನು ಮರೆತೇಬಿಡಬಹುದೆ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ವಿಮಾನದಲ್ಲಿ ಹಾರಿಬಂದ ಹಣ್ಣಿಗೆ ಈ ಸಮಾಧಾನ ಸಲ್ಲದು. ಒಂದೇ ತೂಕವನ್ನು ಒಂದೇ ದೂರ ಒಯ್ಯಲು ವಿಮಾನವು ಹಡಗಿಗಿಂತ ಹತ್ತಾರು ಪಟ್ಟು ಹೆಚ್ಚು ಅನಿಲವನ್ನು ಹೊಮ್ಮಿಸುತ್ತದೆ. ಆದರೆ ಲಾರಿಯಲ್ಲಿ ಬಂದ ಧಾನ್ಯದ ವಿಷಯದಲ್ಲಿ, ಅದು ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ಹೇಗೆ ಬೆಳೆಯಿತು ಎಂಬುದೇ ದೊಡ್ಡ ಪ್ರಶ್ನೆ.

ಒಂದು ಕಿಲೋಗ್ರಾಂ ಬತ್ತ ಬೆಳೆಯಲು, ಮಳೆಯನ್ನೂ ನೀರಾವರಿಯನ್ನೂ ಕೂಡಿಸಿ, ಸರಾಸರಿ 2,500 ಲೀಟರು ನೀರು ಬೇಕು. ನಗರದ ಅಂಚಿನಲ್ಲಿಯೇ ಒಬ್ಬ ರೈತನು ಇದರಲ್ಲಿ 1,000 ಲೀಟರನ್ನು 100 ಮೀಟರು ಆಳದ ಕೊಳವೆಬಾವಿಯಿಂದ ಎತ್ತಿದನೆನ್ನಿ. ದ್ರವ್ಯರಾಶಿ, ಗುರುತ್ವ, ಎತ್ತರಗಳನ್ನು ಗುಣಿಸಿ ನೋಡಿ: 9.8 ಲಕ್ಷ ಜೌಲ್, ಅಂದರೆ ಒಂದು ಮೆಗಾಜೌಲಿಗೆ ಸಮೀಪ. ಪಂಪಿನಲ್ಲಾಗುವ ನಷ್ಟವನ್ನು ಸೇರಿಸುವ ಮೊದಲೇ ಇದು ಲಾರಿಯ 0.72ನ್ನು ಮೀರಿತು. ಬರಿದಾಗುವ ಅಂತರ್ಜಲಕ್ಕೆ ಯಾವ ಜೌಲಿನ ಲೆಕ್ಕವೂ ಸಾಲದು. ಆದರೂ ಫಲಕದ ದೃಷ್ಟಿಯಲ್ಲಿ ಈ ಅಕ್ಕಿಯೇ ಸ್ಥಳೀಯ!

ಇದಕ್ಕೆ ಪ್ರತಿಯಾಗಿ ವಿಜಯಪುರ, ಬಾಗಲಕೋಟೆ, ಗದಗಗಳ ಹಿಂಗಾರಿ ಜೋಳವನ್ನು ನೋಡಿ. ಎರೆ ಭೂಮಿಯ ಜೇಡಿಕಣಗಳು ಅತಿ ಸೂಕ್ಷ್ಮ. ಆದುದರಿಂದ ಅವುಗಳ ಒಟ್ಟು ಮೇಲ್ಮೈ ಅಪಾರ. ಆ ಮೇಲ್ಮೈಗೆ ಅಂಟಿ ನಿಂತ ಮಳೆಯ ನೀರು ತಿಂಗಳುಗಟ್ಟಲೆ ಉಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದ ಜೋಳವು ಬಹುಮಟ್ಟಿಗೆ ಆ ತೇವವನ್ನೇ ನಂಬಿ ತೆನೆ ಕಟ್ಟುತ್ತದೆ. ದಂಟು ದನಗಳ ಮೇವಾಗುತ್ತದೆ. ಬೆಂಗಳೂರು, ಕೋಲಾರ, ತುಮಕೂರುಗಳ ಕೆಂಪು ಮಣ್ಣಿಗೆ ರಾಗಿ ಹೀಗೆಯೇ ಒಪ್ಪಿದ ಬೆಳೆ. ನನ್ನ ಮತದಲ್ಲಿ ಸ್ಥಳೀಯವೆಂಬ ಮಾತಿಗೆ ಸರಿಯಾದ ಅರ್ಥ ಇದು: ತನ್ನ ನೆಲದ ಮಳೆಯಲ್ಲಿ, ತನ್ನ ನೆಲದ ಗುಣಕ್ಕೆ ಒಪ್ಪಿ ಬೆಳೆದುದು. ಈ ಅರ್ಥದಲ್ಲಿ, ಐನೂರು ಕಿಲೋಮೀಟರು ದಾಟಿ ಬಂದ ಜೋಳವು ಪಕ್ಕದ ಕೊಳವೆಬಾವಿಯ ಬತ್ತಕ್ಕಿಂತ ಹೆಚ್ಚು ಸ್ಥಳೀಯ.

ಮೂರನೆಯ ಲೆಕ್ಕ ಎಲೆಯ ಮೇಲಿನದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅದರಲ್ಲಿ ನೂರಕ್ಕೆ 28 ಪಾಲು ಹೋಟೆಲು ಮೊದಲಾದ ಭೋಜನ ವ್ಯವಸ್ಥೆಗಳದು. ಎಲೆಯಲ್ಲಿ ಬಿಟ್ಟ ಒಂದು ತುತ್ತು ಉಳುಮೆ, ನೀರು, ಗಿರಣಿ, ಲಾರಿ, ಒಲೆ ಎಲ್ಲದರ ವೆಚ್ಚವನ್ನೂ ಹೊತ್ತಿರುತ್ತದೆ. ತಿಪ್ಪೆಯ ಆಳದಲ್ಲಿ ಗಾಳಿಯಿಲ್ಲದೆ ಕೊಳೆತಾಗ ಅದರಿಂದ ಮೀಥೇನ್ ಹುಟ್ಟುತ್ತದೆ.

ಈ ಮೂರು ಲೆಕ್ಕಗಳಲ್ಲಿಯೂ ಚೆನ್ನಾಗಿ ಉತ್ತೀರ್ಣವಾಗಬಲ್ಲ ಭೋಜನಾಲಯ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಧಾರವಾಡ, ಹುಬ್ಬಳ್ಳಿಗಳ ಖಾನಾವಳಿಗೆ ಹೋಗಿ. ಪದಾರ್ಥಗಳ ಉದ್ದನೆಯ ಪಟ್ಟಿ ಅಲ್ಲಿರುವುದಿಲ್ಲ. ಆಗತಾನೆ ಬಡಿದು ಬೇಯಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಮೆಂತೆಸೊಪ್ಪು. ಮೊದಲೇ ರಾಶಿ ಸುರಿಯುವುದಿಲ್ಲ. ಬೇಕೆಂದಾಗ ಒಂದೊಂದಾಗಿ ಬಡಿಸುತ್ತಾರೆ. ರೊಟ್ಟಿಗಾಗಿ ಕೊಂಚ ಕಾಯಬೇಕು. ಆ ಕಾಯುವಿಕೆಯೇ ಇಲ್ಲಿಯ ಜಾಣ್ಮೆ: ಹಸಿವು ಎಷ್ಟಿದೆಯೆಂದು ತಿಳಿಯುವ ಮೊದಲು ಬೇಯಿಸಿದುದು ಎಂಜಲಾಗುತ್ತದೆ, ತಿಳಿದ ಮೇಲೆ ಬೇಯಿಸಿದುದು ಊಟವಾಗುತ್ತದೆ. ನಿರಾತಂಕವಾಗಿ ಕುಳಿತು ಉಣ್ಣುವುದು ಬರಿಯ ಸುಖವಲ್ಲ, ಮಿತವ್ಯಯವೂ ಹೌದು.

ಖಾನಾವಳಿಗಳಲ್ಲಿ ಎಲ್ಲವೂ ಸರಿಯಿದೆಯೆಂದು ನನ್ನ ವಾದವಲ್ಲ. ಸೌದೆಯ ಹೊಗೆಯಲ್ಲಿ ದಿನವಿಡೀ ಕುಳಿತು ರೊಟ್ಟಿ ಬಡಿಯುವ ತಾಯಿಯ ಶ್ವಾಸಕೋಶವನ್ನು ಮರೆತ ಲೆಕ್ಕ ಅಪೂರ್ಣ. ಹೊಗೆಯಿಲ್ಲದ ಒಲೆ, ಗಾಳಿಯಾಡುವ ಅಡುಗೆಮನೆ, ತಕ್ಕ ಕೂಲಿ ಇವೂ ಆ ಊಟದ ಬೆಲೆಯಲ್ಲಿ ಸೇರಬೇಕು.

ಇಲ್ಲೊಂದು ಅಪಾಯವೂ ಇದೆ. ಭಾರತದ ಸಲಹೆಯಂತೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ರಾಗಿ ಜೋಳಗಳಿಗೆ ಮರ್ಯಾದೆ ಹೆಚ್ಚಿದುದು ಸಂತೋಷವೇ. ಆದರೆ ಫಲಕಕ್ಕೆ ಮಾತ್ರ ಹಣ ಕೊಟ್ಟು ಲೆಕ್ಕ ಕೇಳದೆ ಹೋದರೆ, ಫಲಕ ಬರೆಯಬಲ್ಲವರು ಬೆಳೆಯುತ್ತಾರೆ. ಫಲಕವಿಲ್ಲದೆಯೇ ಸರಿಯಾಗಿ ನಡೆದವರು ಬಾಗಿಲು ಹಾಕುತ್ತಾರೆ. ಅವರ ಹಿಂದೆಯೇ ಮಳೆಯಾಶ್ರಯದ ಹೊಲಗಳ ರೈತರೂ ಆ ಬೆಳೆಯನ್ನು ಕೈಬಿಡುತ್ತಾರೆ.

ಆದುದರಿಂದ, ವಿದ್ಯಾರ್ಥಿ ಮಿತ್ರರೆ, ಇನ್ನೊಮ್ಮೆ ಗೆಳೆಯರೊಡನೆ ಹೊರಗೆ ಊಟಕ್ಕೆ ಹೊರಟಾಗ ನಡೆದೋ ಬಸ್ಸಿನಲ್ಲೋ ಹೋಗಿ. ಈ ಧಾನ್ಯ ಯಾವ ನೀರಿನಲ್ಲಿ ಬೆಳೆಯಿತು, ಉಳಿದ ಅಡುಗೆ ಎಲ್ಲಿಗೆ ಹೋಗುತ್ತದೆ ಎಂದು ವಿನಯದಿಂದ ಕೇಳಿ. ಮನೆಯಲ್ಲಿ ಸಮನಾದ ಎರಡು ಪಾತ್ರೆಗಳಲ್ಲಿ ಒಂದೊಂದು ಲೀಟರು ನೀರಿಟ್ಟು, ಒಂದಕ್ಕೆ ಮುಚ್ಚಳ ಹಾಕಿ, ಇನ್ನೊಂದನ್ನು ತೆರೆದಿಟ್ಟು, ಒಂದೇ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಉಳಿದ ನೀರನ್ನು ಅಳೆದು ನೋಡಿ. ವ್ಯತ್ಯಾಸವನ್ನು 2.26ರಿಂದ ಗುಣಿಸುವುದು ನಿಮಗೆ ಕಷ್ಟವಾಗಲಾರದು.