ಲಾರಿ ಮಾವನದ್ದು, ರಸೀದಿ ಪುಸ್ತಕ ಏಜೆಂಟರದ್ದು

ನಮ್ಮ ಕಡೆ ಮದುವೆಯ ಊಟದ ಹಾಲ್‌ನಲ್ಲಿ ಪರಿಚಯ ಮಾಡಿಸುವಾಗ ಹೆಸರಿಗಿಂತ ಮೊದಲು ಆಸ್ತಿ ಬರುತ್ತದೆ. ‘ಇವರದ್ದು ಬಾಂಬೆಯಲ್ಲಿ ಹೋಟೆಲ್’, ‘ಇವರ ಮಗ ದುಬೈಯಲ್ಲಿ’. ನನ್ನ ಸೋದರಮಾವನ ಸರದಿ ಬಂದಾಗ ‘ಇವರಿಗೆ ಸ್ವಂತ ಲಾರಿ ಉಂಟು’ ಎನ್ನುತ್ತಾರೆ. ಮಾವ ತಲೆ ತಗ್ಗಿಸಿ ನಗುತ್ತಾರೆ. ಆ ನಗುವಿನಲ್ಲಿ ಹೆಮ್ಮೆ ಎಷ್ಟು, ಸಂಕೋಚ ಎಷ್ಟು ಎಂದು ನನಗೆ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಈಗ ಗೊತ್ತಾಗಿದೆ. ನನ್ನ ಜಗಳ ಇರುವುದು ಆ ‘ಸ್ವಂತ’ ಎಂಬ ಶಬ್ದದ ಮೇಲೆ.

ಇಪ್ಪತ್ತೆರಡು ವರ್ಷ ಬೇರೆಯವರ ಗಾಡಿ ಓಡಿಸಿ, ಅತ್ತೆಯ ಬಳೆ ಅಡವಿಟ್ಟು, ಮಾವ ಸೆಕೆಂಡ್ ಹ್ಯಾಂಡ್ ಹತ್ತು ಚಕ್ರದ ಲಾರಿ ತೆಗೆದರು. ನಂದಿಕೂರಿನಲ್ಲಿ, ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅದು ನಿಲ್ಲುತ್ತದೆ. ಕಳೆದ ಆಟಿ ತಿಂಗಳಲ್ಲಿ ಇಲ್ಲಿಂದ ಹುಬ್ಬಳ್ಳಿಗೆ ಚೀಲದ ಲೋಡ್ ಸಿಕ್ಕಿತು. ಅಂಕೋಲಾ ದಾಟಿ ಅರಬೈಲು ಘಟ್ಟ ಹತ್ತುವಾಗ ಮಳೆ ಎಂದರೆ ಮಳೆ. ಟರ್ಪಾಲಿನ ಒಂದು ಮೂಲೆ ಎದ್ದು ಕೆಲವು ಚೀಲ ಒದ್ದೆಯಾದವು. ಇಳಿಸುವಲ್ಲಿ ರಸೀದಿಯ ಹಿಂದೆ ‘ಒದ್ದೆ’ ಎಂದು ಷರಾ ಬರೆದರು. ಊರಿಗೆ ಬಂದಾಗ ಏಜೆಂಟ್ ಬ್ಯಾಲೆನ್ಸ್ ಹಣದಿಂದ ಆ ಚೀಲಗಳ ಪೂರ್ತಿ ಬೆಲೆ ಮುರಿದುಕೊಂಡ. ಅದೂ ಹೋಗಲಿ, ಘಟ್ಟದ ಮಳೆ ಯಾರ ಕೈಯಲ್ಲೂ ಇಲ್ಲ. ಆದರೆ ಗೋದಾಮಿನ ಗುಮಾಸ್ತ ಬಾಯಿ ತಪ್ಪಿ ಒಂದು ಮಾತು ಹೇಳಿದ. ಆ ಟ್ರಿಪ್ಪಿಗೆ ಕಂಪನಿ ಕೊಟ್ಟ ಬಾಡಿಗೆ 41,000 ರೂಪಾಯಿ. ಮಾವನಿಗೆ ಒಪ್ಪಿಸಿದ್ದು 29,000.

‘ಕೇಳಲಿಲ್ವಾ ಮಾವ?’ ಎಂದೆ.

‘ಕೇಳಿ ಎಂತ ಮಾಡುವುದು? ನಾಳೆ ಲೋಡ್ ಕೊಡುವವ ಅವನೇ ಅಲ್ವಾ?’

ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇಂಥವರಿಗೆ ಸ್ವಉದ್ಯೋಗಿ ಎಂದು ಹೆಸರು. ಸರ್ಕಾರದ ಭಾಷಣಗಳಲ್ಲಿ ಉದ್ಯಮಿ. ನನ್ನ ಸಂಶೋಧನೆಯ ವಿಷಯವೂ ಅಸಂಘಟಿತ ಸಾರಿಗೆಯೇ ಆದ್ದರಿಂದ ಮಾವನ ಕಾಗದಪತ್ರಗಳನ್ನೆಲ್ಲ ಚಾವಡಿಯಲ್ಲಿ ಹರಡಿಕೊಂಡು ಕೂತೆ. ಆರ್‌ಸಿ, ಎಫ್‌ಸಿ, ವಿಮೆ, ಹೊಗೆ ತಪಾಸಣೆ, ನ್ಯಾಷನಲ್ ಪರ್ಮಿಟ್, ಎಲ್ಲವೂ ಮಾವನ ಹೆಸರಿನಲ್ಲೇ ಇತ್ತು. ಒಂದೂ ಅವಧಿ ಮೀರಿರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಕಾಶ್ಮೀರಕ್ಕೂ ಹೋಗಬಲ್ಲ ಗಾಡಿ ಅದು.

ಇಷ್ಟು ಸಲೀಸು ಹಿಂದೆ ಇರಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಹೊಸಬ ಪರ್ಮಿಟ್ ಕೇಳಿದರೆ ಈಗಾಗಲೇ ಗಾಡಿ ಓಡಿಸುತ್ತಿದ್ದವರು ಆಕ್ಷೇಪಣೆ ಹಾಕಬಹುದಿತ್ತು. 1988ರ ಕಾಯ್ದೆ ಆ ಗೋಡೆ ಒಡೆಯಿತು. ಅದರ 80ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಅರ್ಜಿಯನ್ನು ಪ್ರಾಧಿಕಾರ ಸಾಮಾನ್ಯವಾಗಿ ನಿರಾಕರಿಸುವಂತಿಲ್ಲ. ಹಳಬರು ಸುಪ್ರೀಂ ಕೋರ್ಟಿಗೆ ಹೋದರು. ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಕೋರ್ಟು ಹೊಸಬರ ಪರವಾಗಿಯೇ ನಿಂತಿತು. 2010ರಲ್ಲಿ ನ್ಯಾಷನಲ್ ಪರ್ಮಿಟ್ ಇನ್ನೂ ಸುಲಭವಾಯಿತು. ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ಕಟ್ಟುವ ಕಾಟ ಹೋಗಿ ವರ್ಷಕ್ಕೊಂದು ಒಟ್ಟು ಶುಲ್ಕ ಬಂತು. ಮೊದಲು 15,000, ಆಮೇಲೆ 16,500 ರೂಪಾಯಿ. ಇದನ್ನೆಲ್ಲ ತೋರಿಸಿ ಉದಾರೀಕರಣದ ಪಂಡಿತರು ಹೇಳುತ್ತಾರೆ: ಲಾರಿಯವನು ಸ್ವತಂತ್ರನಾದ.

ಲಾರಿ ಸ್ವತಂತ್ರವಾದದ್ದು ಹೌದು. ಲಾರಿಯವನ ವಿಷಯ ಬೇರೆ. ಅದನ್ನು ತಿಳಿಯಲು ಕ್ಯಾಬಿನ್ನಿನಲ್ಲಿ ಕ್ಲಿಪ್ ಹಾಕಿಟ್ಟ ಇನ್ನೊಂದು ಕಾಗದ ನೋಡಬೇಕು. ಅದು ಎಲ್ಆರ್, ಲಾರಿ ರಸೀದಿ. ಯಾರು ಕಳಿಸಿದ್ದು, ಯಾರಿಗೆ ತಲುಪಬೇಕು, ಎಷ್ಟು ಚೀಲ, ಬಾಡಿಗೆ ಯಾರು ಕೊಡುತ್ತಾರೆ ಎಂದು ಅದರಲ್ಲಿರುತ್ತದೆ. ಮೇಲೆ ದೊಡ್ಡದಾಗಿ ಟ್ರಾನ್ಸ್‌ಪೋರ್ಟ್ ಆಫೀಸಿನ ಹೆಸರು, ಹೆಸರಿನ ಪಕ್ಕ ದೇವರ ಚಿತ್ರ. ಮಾವ ಅದರಲ್ಲಿ ಒಂದು ಗಾಡಿ ನಂಬರ್ ಮಾತ್ರ. ಇ-ವೇ ಬಿಲ್ಲಿನಲ್ಲೂ ಹಾಗೆಯೇ, ಟ್ರಾನ್ಸ್‌ಪೋರ್ಟರ್ ಎಂಬಲ್ಲಿ ಏಜೆಂಟನ ಐಡಿ, ಎರಡನೇ ಭಾಗದಲ್ಲಿ ಕೆಎ-20ರಿಂದ ಶುರುವಾಗುವ ನಂಬರ್. ಜಿಎಸ್‌ಟಿ ಕಾನೂನು ಇನ್ನೂ ಸ್ಪಷ್ಟ. ಸರಕು ರಸೀದಿ ಬರೆದುಕೊಡುವವನೇ ಸರಕು ಸಾಗಣೆ ಏಜೆನ್ಸಿ. ಉಳಿದವನು ಆ ಏಜೆನ್ಸಿಗೆ ಗಾಡಿಯನ್ನು ಬಾಡಿಗೆಗೆ ಕೊಟ್ಟವನು, ಅಷ್ಟೆ. ಸರಕು ಕೊಟ್ಟ ಕಂಪನಿಗೂ ಮಾವನಿಗೂ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. 41,000 ಎಂಬುದು ಇಬ್ಬರು ಬೇರೆಯವರ ನಡುವಿನ ವ್ಯವಹಾರ.

ಅಮೆರಿಕದ ಲಾರಿಯವರಲ್ಲಿ ಇದಕ್ಕೆ ನೇರವಾದ ಹೆಸರೇ ಇದೆ. ಸ್ವಂತ ಟ್ರಕ್ ಇದ್ದ ಮಾತ್ರಕ್ಕೆ ಅಲ್ಲಿ ಯಾರನ್ನೂ ಸ್ವತಂತ್ರ ಎನ್ನುವುದಿಲ್ಲ. ದೊಡ್ಡ ಕಂಪನಿಯ ಅಧಿಕಾರಪತ್ರದ ಅಡಿಯಲ್ಲಿ ಗಾಡಿ ಓಡಿಸುವವ ಒಂದು ಜಾತಿ, ‘ಆಪರೇಟಿಂಗ್ ಅಥಾರಿಟಿ’ಯನ್ನು ತನ್ನದೇ ಹೆಸರಿನಲ್ಲಿ ಪಡೆದವ ಇನ್ನೊಂದು ಜಾತಿ. ಅರ್ಜಿ ಶುಲ್ಕ 300 ಡಾಲರ್. ಸಾಮಾನ್ಯ ಸರಕಿನ ದೊಡ್ಡ ಟ್ರಕ್ಕಿಗೆ ಕನಿಷ್ಠ ಏಳೂವರೆ ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ. ಅದನ್ನು ಪಡೆದ ಮೇಲೂ ಸುಖವೇನಿಲ್ಲ, ಅಲ್ಲೂ ಬ್ರೋಕರ್ ಇದ್ದಾನೆ. ಆದರೆ ಬ್ರೋಕರ್ 75,000 ಡಾಲರಿನ ಭದ್ರತೆ ಇಡಬೇಕು, ಮತ್ತು ಆ ವ್ಯವಹಾರದ ಲೆಕ್ಕವನ್ನು ನೋಡುವ ಹಕ್ಕು ಲಾರಿಯವನಿಗೆ ನಿಯಮದಲ್ಲೇ ಇದೆ. ಕರಾರಿನಲ್ಲಿ ಆ ಹಕ್ಕನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳುತ್ತಾರೆ ಎಂಬ ದೂರು ಅಲ್ಲಿ ಹಳೆಯದು. ಬರೆಸಿಕೊಳ್ಳಬೇಕಾದರೂ ಮೊದಲು ಹಕ್ಕು ಇರಬೇಕಲ್ಲ? ಗುಮಾಸ್ತನ ಬಾಯಿ ತಪ್ಪದೆ ಹೋಗಿದ್ದರೆ ಮಾವನಿಗೆ 41,000 ಎಂಬ ಅಂಕಿಯೇ ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಕಾನೂನೇ ಇಲ್ಲ ಎಂದುಕೊಂಡರೆ ತಪ್ಪು. ಅದೇ 1988ರ ಕಾಯ್ದೆಯ 93ನೇ ಸೆಕ್ಷನ್ ಸರಕು ಸಂಗ್ರಹಿಸಿ ಲಾರಿಗಳಲ್ಲಿ ಕಳಿಸುವ ಏಜೆಂಟ್ ಲೈಸೆನ್ಸ್ ಪಡೆಯಬೇಕು ಎನ್ನುತ್ತದೆ. ಅವನಿಂದ ಭದ್ರತಾ ಠೇವಣಿಯನ್ನೂ ಕೇಳಬಹುದು. ಎಷ್ಟು? 50,000 ರೂಪಾಯಿ ಮೀರದಂತೆ. ಒಂದೇ ಲೋಡಿನ ಬ್ಯಾಲೆನ್ಸ್ ಮುಳುಗಿಸಿದರೂ ಅರ್ಧ ಮುಗಿಯುವ ಮೊತ್ತ ಅದು. ಅತ್ತ ಲಾರಿಯಲ್ಲಿ ಮಿತಿಗಿಂತ ಭಾರ ಇದ್ದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಓಡಿಸಿದವನನ್ನು ಮಾತ್ರವಲ್ಲ, ಓಡಿಸುವಂತೆ ಮಾಡಿದವನನ್ನೂ ಕಾನೂನು ಹೆಸರಿಸುತ್ತದೆ. ಆದರೆ ರಸ್ತೆ ಬದಿಯಲ್ಲಿ ಕೈ ಅಡ್ಡ ಹಾಕಿದಾಗ ಸಿಗುವವ ಸ್ಟೇರಿಂಗ್ ಹಿಡಿದವನೇ. ‘ಇನ್ನೆರಡು ಟನ್ ಹಾಕಿಕೋ, ಏನಾಗುವುದಿಲ್ಲ’ ಎಂದು ಫೋನಿನಲ್ಲಿ ಹೇಳಿದವ ಆಗ ಎಸಿ ರೂಮಿನಲ್ಲಿರುತ್ತಾನೆ.

ಇದಕ್ಕಿಂತಲೂ ನನ್ನನ್ನು ಸಿಟ್ಟಿಗೆಬ್ಬಿಸಿದ್ದು 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ. ಬ್ರಿಟಿಷರ 1865ರ ಕಾನೂನನ್ನು ತೆಗೆದುಹಾಕಿ ಅದು 2011ರಲ್ಲಿ ಜಾರಿಗೆ ಬಂತು. ‘ಸಾಮಾನ್ಯ ವಾಹಕ’ನಾಗಿ ವ್ಯವಹಾರ ಮಾಡುವವ ನೋಂದಣಿ ಮಾಡಿಸಿಕೊಳ್ಳಬೇಕು, ಸರಕು ರಸೀದಿ ಕೊಡಬೇಕು, ಸರಕು ಹಾಳಾದರೆ ಹೊಣೆ ಅವನದ್ದು. ರಸೀದಿ ಕೊಟ್ಟು ಸರಕು ಸಂಗ್ರಹಿಸುವವರು, ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರೂ ಅದರ ವ್ಯಾಖ್ಯೆಯಲ್ಲಿ ಬರುತ್ತಾರೆ. ಹಾಗೆಯೇ, ಯಾರೆಂದು ಭೇದ ಮಾಡದೆ ಬಾಡಿಗೆಗೆ ಸರಕು ಸಾಗಿಸುವವನೂ ಬರುತ್ತಾನೆ. ಅಂದರೆ ಒಂದೇ ಲಾರಿಯ ಮಾವ ಕೂಡ ಸ್ವಂತ ಹೆಸರಿನ ರಸೀದಿ ಪುಸ್ತಕ ಅಚ್ಚು ಹಾಕಿಸಿಕೊಳ್ಳಬಹುದಾದ ಬಾಗಿಲು ಅಲ್ಲಿ ತೆರೆದೇ ಇದೆ. ಲಾರಿ ತೆಗೆದಂದಿನಿಂದ ಫೈನಾನ್ಸಿನವರು, ವಿಮೆಯವರು, ಟಯರಿನವರು, ಫಾಸ್ಟ್‌ಟ್ಯಾಗಿನವರು ಎಲ್ಲರೂ ಮಾವನನ್ನು ಹುಡುಕಿಕೊಂಡು ಬಂದಿದ್ದಾರೆ. ಹೀಗೊಂದು ನೋಂದಣಿ ಉಂಟು ಎಂದು ಹೇಳಲು ಮಾತ್ರ ಯಾರೂ ಬರಲಿಲ್ಲ. ಹೊಣೆ ಕಾನೂನಿನಲ್ಲಿ ರಸೀದಿ ಬರೆದವನ ಮೇಲೆ, ಲೆಕ್ಕದಲ್ಲಿ ಮಾವನ ಬ್ಯಾಲೆನ್ಸಿನ ಮೇಲೆ. ಅರಬೈಲಿನಲ್ಲಿ ಒದ್ದೆಯಾದ ಚೀಲಗಳ ಕಥೆ ಇಷ್ಟೇ.

ಇಲ್ಲಿ ಕೆಲವರು ವಿಜಯ ಸಂಕೇಶ್ವರರ ಹೆಸರು ತೆಗೆಯುತ್ತಾರೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿ ವಿಆರ್‌ಎಲ್ ಕಟ್ಟಿದವರು, 2022ರಲ್ಲಿ ಸಿನಿಮಾ ಕೂಡ ಬಂತು, ಕಷ್ಟಪಟ್ಟರೆ ಯಾರೂ ಆಗಬಹುದು ಎಂಬ ಉಪದೇಶ. ಅವರ ಸಾಹಸ ಸಣ್ಣದಲ್ಲ. ಆದರೆ ಆ ಕಥೆಯನ್ನು ನಾವು ಓದುವ ಕ್ರಮ ಸರಿಯಿಲ್ಲ ಎಂದು ನನಗನಿಸುತ್ತದೆ. ವಿಆರ್‌ಎಲ್ ಎಂದಾಗ ನಮ್ಮೆಲ್ಲರ ಕಣ್ಣಿಗೆ ಬರುವುದು ಊರೂರಿನ ಬುಕಿಂಗ್ ಆಫೀಸು, ಪಾರ್ಸೆಲ್ ಕೊಟ್ಟಾಗ ಹರಿದು ಕೈಗಿಡುವ ರಸೀದಿ. ಗ್ರಾಹಕ ಅವರ ಕೌಂಟರಿಗೆ ನೇರವಾಗಿ ಬಂದ, ಹಣ ನೇರವಾಗಿ ಅವರಿಗೇ ಕೊಟ್ಟ. ಲಾರಿಗಳ ಸಂಖ್ಯೆ ಬೆಳೆದದ್ದು ಆ ಕೌಂಟರಿನ ಬೆನ್ನ ಹಿಂದೆ. ಕೌಂಟರ್ ಇಲ್ಲದೆ ಇನ್ನೊಂದು ಲಾರಿ ತೆಗೆದರೆ ಮಾವನಿಗೆ ಹೆಚ್ಚುವುದು ಕಂತು ಮಾತ್ರ.

ಏಜೆಂಟರಿಗೂ ಹೇಳಲು ಮಾತಿದೆ, ಕೇಳಿದ್ದೇನೆ. ಡೀಸೆಲಿಗೆ ಅಡ್ವಾನ್ಸ್ ಕೊಡುವವರು ಅವರು, ಕಂಪನಿ ಎರಡು ಮೂರು ತಿಂಗಳು ಬಿಲ್ ತಡೆದಾಗ ಕಾಯುವವರು ಅವರು, ಹುಬ್ಬಳ್ಳಿಯಿಂದ ಖಾಲಿ ಬರಬಾರದೆಂದು ರಿಟರ್ನ್ ಲೋಡ್ ಹುಡುಕುವವರೂ ಅವರೇ. ನಿಜ. ಆ ಕೆಲಸಕ್ಕೆ ಕಮಿಷನ್ ಇರಲಿ. ಎಷ್ಟು ಎಂಬುದು ರಸೀದಿಯಲ್ಲಿ ಬರೆದಿರಲಿ ಎಂದು ಕೇಳಿದರೆ ಅದು ದ್ವೇಷ ಹೇಗಾಗುತ್ತದೆ?

ಸಂಘ ಇದೆಯಲ್ಲ ಎನ್ನಬಹುದು. ರಾಜ್ಯ ಮಟ್ಟದ ಒಕ್ಕೂಟದ ಹೆಸರಿನಲ್ಲೇ ಲಾರಿ ಮಾಲೀಕರು ಮತ್ತು ಏಜೆಂಟರು ಒಟ್ಟಿಗೆ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಬೆಲೆ, ಟೋಲ್ ಇತ್ಯಾದಿಗಳ ವಿರುದ್ಧ ಲಾರಿ ಮುಷ್ಕರ ನಡೆದಾಗ ಮಾವನೂ ಗಾಡಿ ನಿಲ್ಲಿಸಿದರು. ಬೇಡಿಕೆ ನ್ಯಾಯವಾದದ್ದೇ. ಹೆಜಮಾಡಿಯ ಟೋಲಿನಲ್ಲಿ ಪ್ರತಿ ಸಲ ದುಡ್ಡು ಕಟ್ಟುವವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಡೀಸೆಲ್, ಟೋಲ್ ಇಬ್ಬರೂ ಸೇರಿ ಕೂಗಬಹುದಾದ ವಿಷಯಗಳು. ಕಮಿಷನ್ನಿನ ಲೆಕ್ಕವನ್ನು ಒಂದೇ ಬ್ಯಾನರಿನ ಎರಡು ಕೋಲು ಹಿಡಿದವರು ಕೂಗುವುದು ಹೇಗೆ?

ಆದ್ದರಿಂದ ಒಂಟಿ ಲಾರಿಯವರದ್ದೇ ಸಹಕಾರಿ ಸಂಘ ಬೇಕು ಎಂಬುದು ನನ್ನ ವಾದ. ಒಬ್ಬ ಮಾವ ನೋಂದಣಿ ಮಾಡಿಸಿದರೆ ದಿನಕ್ಕೆ ಇಪ್ಪತ್ತು ಲೋಡ್ ಕಳಿಸುವ ಕಂಪನಿ ಅವರನ್ನು ಒಳಗೇ ಬಿಡುವುದಿಲ್ಲ. ಮೂವತ್ತು ಲಾರಿಯವರು ಒಂದೇ ಹೆಸರಿನಲ್ಲಿ ಸಾಮಾನ್ಯ ವಾಹಕರಾಗಿ, ಒಂದೇ ರಸೀದಿ ಪುಸ್ತಕ, ಒಬ್ಬ ಗುಮಾಸ್ತ, ಒಂದು ಬ್ಯಾಂಕ್ ಖಾತೆ ಇಟ್ಟುಕೊಂಡು ಹೋದರೆ ಮಾತಾಡಲೇಬೇಕು. ಸಹಕಾರವನ್ನು ನಮ್ಮ ಜಿಲ್ಲೆಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಜೊತೆಗಾರರು ಕ್ಯಾಂಪ್ಕೊ ಕಟ್ಟುವ ಮೊದಲು ಅಡಿಕೆ ಬೆಳೆಗಾರನೂ ದಲ್ಲಾಳಿ ಹೇಳಿದ ದರಕ್ಕೆ ತಲೆಯಾಡಿಸುತ್ತಿದ್ದ, ತೋಟ ‘ಸ್ವಂತ’ದ್ದೇ ಆಗಿದ್ದರೂ.

ಲಾರಿ ಯೂನಿಯನ್ ಎಂದರೆ ಹೊರಗಿನವರ ಗಾಡಿಗೆ ಅಡ್ಡ ನಿಂತು ಬೇಕಾದ ದರ ಹೇಳುವ ದಾದಾಗಿರಿ ಎಂಬ ಭಯವೂ ಇದೆ. ಸುಮ್ಮನೆ ಹುಟ್ಟಿದ ಭಯವಲ್ಲ. ಪಂಜಾಬ್ ಸರ್ಕಾರ 2017ರಲ್ಲಿ ಇಂಥ ಕೂಟಗಳನ್ನು ತಡೆಯಲೆಂದೇ ನಿಯಮ ತಂದಿತು. ನಾನು ಹೇಳುವುದು ಗೇಟಿನಲ್ಲಿ ಯಾರನ್ನೂ ತಡೆಯದೆ, ಎಲ್ಲರಂತೆ ಟೆಂಡರ್ ಹಾಕುವ ಸಂಘದ ಮಾತು. ಕಡಿಮೆ ದರಕ್ಕೆ ಯಾರಾದರೂ ಒಯ್ದರೆ ಒಯ್ಯಲಿ, ಆ ದರ ಎಷ್ಟೆಂದು ಗಾಡಿ ಓಡಿಸುವವನಿಗೆ ಗೊತ್ತಿದ್ದರೆ ಸಾಕು.

ಇದನ್ನು ಶುರು ಮಾಡಲು ನಂದಿಕೂರಿಗಿಂತ ಒಳ್ಳೆಯ ಜಾಗ ಯಾವುದು? ಪಕ್ಕದಲ್ಲಿ 1,200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ, ಸುತ್ತ ಕೈಗಾರಿಕಾ ಪ್ರದೇಶ, ಆಚೆ ಪಾದೂರಿನಲ್ಲಿ ನೆಲದಡಿಯ ಕಚ್ಚಾತೈಲ ಸಂಗ್ರಹ. ಕಲ್ಲಿದ್ದಲು ಪಣಂಬೂರಿನ ಬಂದರಿನಿಂದ ರೈಲಿನಲ್ಲಿ ಬರುತ್ತದೆ, ಹಾರುಬೂದಿ ಬಲ್ಕರ್ ಲಾರಿಗಳಲ್ಲಿ ಹೊರಗೆ ಹೋಗುತ್ತದೆ. ಇಷ್ಟೆಲ್ಲ ಕಟ್ಟಲು ಹೊರಟಾಗ ಊರಿನವರು ವಿರೋಧಿಸಿದ್ದು, ಬೂದಿ ಗದ್ದೆಯ ಮೇಲೆ ಬಿತ್ತೆಂದು ದೂರಿದ್ದು ಎಲ್ಲರಿಗೂ ನೆನಪಿದೆ. ನೆಲ, ನೀರು, ಗಾಳಿಯ ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಕನಿಷ್ಠ ಇಲ್ಲಿಂದ ಹೊರಡುವ ಸರಕಿನ ರಸೀದಿಯ ಒಂದು ಭಾಗವಾದರೂ ಇಲ್ಲಿಯ ಲಾರಿಯವರ ಹೆಸರಿನಲ್ಲಿ ಇರಲಿ ಎಂದು ಕೇಳುವ ಹಕ್ಕು ಈ ಊರಿಗಿದೆ. ಸರ್ಕಾರದಿಂದ ಬೇಕಾದದ್ದು ಸಬ್ಸಿಡಿ ಅಲ್ಲ. 93ನೇ ಸೆಕ್ಷನ್ನಿನ ಲೈಸೆನ್ಸ್ ಇಲ್ಲದ ಏಜೆಂಟ್ ಯಾರು ಎಂದು ಒಮ್ಮೆ ಪಟ್ಟಿ ಮಾಡಲಿ. ಆ ಐವತ್ತು ಸಾವಿರವನ್ನು ಇವತ್ತಿನ ಬೆಲೆಗೆ ಏರಿಸಲಿ. ಕಂಪನಿ ಕೊಟ್ಟ ಬಾಡಿಗೆಯ ಮೊತ್ತ ಎಲ್ಆರ್‌ನ ಎಲ್ಲ ಪ್ರತಿಗಳಲ್ಲೂ ಕಡ್ಡಾಯವಾಗಿ ಇರಲಿ.

ಮೊನ್ನೆ ಭಾನುವಾರ ಸಾಮಾನ್ಯ ವಾಹಕ ನೋಂದಣಿಯ ಅರ್ಜಿ ನಮೂನೆಯನ್ನು ಪ್ರಿಂಟ್ ಹಾಕಿ ನಂದಿಕೂರಿಗೆ ಒಯ್ದೆ. ಮಾವ ಕನ್ನಡಕ ಏರಿಸಿ ನೋಡಿ, ‘ನೀನು ಓದಿದವಳು, ನೀನೇ ಓದಿ ಹೇಳು’ ಎಂದರು. ಹೆಸರು ಆಯಿತು, ಗಾಡಿಯ ವಿವರ ಆಯಿತು. ಮುಖ್ಯ ಕಚೇರಿ ಎಲ್ಲಿ, ಶಾಖೆಗಳು ಎಲ್ಲೆಲ್ಲಿ ಎಂಬ ಪ್ರಶ್ನೆ ಬಂತು.

‘ಕಚೇರಿಯಾ? ಕ್ಯಾಬಿನ್ ಅಂತ ಬರೆದರೆ ಆಗ್ತದಾ?’ ಎಂದು ನಕ್ಕರು. ಪಕ್ಕದಲ್ಲಿ ಟಯರ್ ಬಿಚ್ಚುತ್ತಿದ್ದ ಇನ್ನೊಬ್ಬ ಲಾರಿಯವರು ಕೈ ಒರೆಸಿಕೊಳ್ಳುತ್ತ ಬಂದು ನಮೂನೆಯನ್ನು ತಿರುಗಿಸಿ ನೋಡಿದರು. ಆಮೇಲೆ, ‘ಇದರ ಇನ್ನೊಂದು ಕಾಪಿ ಉಂಟಾ ಅಕ್ಕ?’ ಎಂದು ಕೇಳಿದರು. ಇರಲಿಲ್ಲ. ಮುಂದಿನ ವಾರ ಮೂವತ್ತು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದೇನೆ.